ಪಿಸುಗುಟ್ಟಲು ಬಾರದವಳು

ಲಿಪೊವ್ಕಾ
10 ಫೆಬ್ರವರಿ 2002

ಮಗಳೇ ಬೆಯಾತಾ,

ರೇಡಿಯೊ ಮೈಕು ಬಂತು. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಫೋನು ಹಿಡಿದ ಕೂಡಲೇ ನಿನ್ನ ಮಗಳು ಎದುರಿಗೆ ಬಂದು ಕೂತು ನನ್ನ ತುಟಿ ಓದುತ್ತಾಳೆ. ಎಂಟು ವರ್ಷದ ಮಗುವಿಗೆ ತಿಳಿಯಬಾರದ ಮಾತುಗಳು ಈ ಮನೆಯಲ್ಲಿ ಇನ್ನೂ ಕೆಲವಿವೆ. ಅದಕ್ಕೇ ಕಾಗದ.

ಗುರುವಾರ ಶಾಲೆಯಲ್ಲಿ ಅದನ್ನು ಜೋಡಿಸಿದರು. ಕಿವಿ ಮಂದವಾದ ಮಕ್ಕಳಿಗಾಗಿ ಊರೂರು ತಿರುಗುವ ಟೀಚರ್ ಒಬ್ಬಳಿದ್ದಾಳೆ, ರೊಝಾಲಿಯಾ ಎಂದು ಹೆಸರು. ನೆಗಡಿಯಿಂದ ಮೂಗು ಕೆಂಪಾಗಿತ್ತು, ಬಾಯಿಗೆ ಮಾತ್ರ ಬಿಡುವಿರಲಿಲ್ಲ. ನಮ್ಮ ಒತಿಲ್ಯಾಳ ಎರಡೂ ಶ್ರವಣಯಂತ್ರಗಳ ಬುಡಕ್ಕೆ ಉಗುರಿನಷ್ಟು ದೊಡ್ಡ ಒಂದೊಂದು ತುಂಡು ಸಿಕ್ಕಿಸಿದಳು. ಮೈಕು ಬೇರೆ, ಅದು ಮಾತಾಡುವವರ ಕೊರಳಿಗೆ, ಬಾಯಿಂದ ಒಂದು ಗೇಣು ಕೆಳಗೆ. ಅಲ್ಲಿಂದ ದನಿ ತಂತಿಯಿಲ್ಲದೆ ನೇರವಾಗಿ ಮಗುವಿನ ಕಿವಿಗೆ ಹೋಗುತ್ತದೆ. ಮಧ್ಯೆ ಗೋಡೆ ಇದ್ದರೂ ಅದಕ್ಕೆ ಲೆಕ್ಕವಿಲ್ಲ.

ಸಿಕ್ಕಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ. ಮೈಕಿನ ದನಿ ಹೆಚ್ಚಾದರೆ ಪಕ್ಕದಲ್ಲಿ ಕೂತ ಹುಡುಗಿ ಕರೆದದ್ದು ಮಗುವಿಗೆ ಕೇಳಿಸುವುದಿಲ್ಲವಂತೆ. ಕಡಿಮೆಯಾದರೆ ಟೀಚರ್ ಮಾತು ಬೆಂಚು ಎಳೆಯುವ ಸದ್ದಿನಲ್ಲಿ ಮುಳುಗಿಹೋಗುತ್ತದಂತೆ. ರೊಝಾಲಿಯಾ ಒಂದಿಷ್ಟು ಏರಿಸುವುದು, ಒಂದಿಷ್ಟು ಇಳಿಸುವುದು, ಡಾಕ್ಟರರ ನಳಿಗೆಯಂಥದ್ದನ್ನು ಯಂತ್ರಕ್ಕೆ ಹಚ್ಚಿ ತಾನೇ ಕೇಳಿ ನೋಡುವುದು, ಮತ್ತೆ ಇಳಿಸುವುದು. ಸಾರಿಗೆ ಉಪ್ಪು ನೋಡಿದ ಹಾಗೆ. ಕೊನೆಗೆ ನನ್ನ ಕೊರಳಿಗೇ ಮೈಕು ಹಾಕಿ, ನಳಿಗೆಯನ್ನು ನನ್ನ ಕಿವಿಗಿಟ್ಟು, "ಏನಾದ್ರೂ ಮಾತಾಡಿ ಅಮ್ಮಾ" ಅಂದಳು.

"ಏನು ಮಾತಾಡ್ಲಿ?" ಅಂದೆ. ನನ್ನ ಕಿವಿಯೊಳಗೆ ಯಾವಳೋ ಹೆಂಗಸು ಗದರಿಸಿದಂತಾಯಿತು.

"ಇದ್ಯಾರ ದನಿ?"

"ನಿಮ್ದೇ."

"ಇಷ್ಟು ಒರಟಾಗಿದೆಯಾ?"

"ಯಂತ್ರ ಏನನ್ನೂ ಸೇರಿಸಲ್ಲಮ್ಮ," ಎಂದು ಅವಳು ಸೀನಿದಳು. ಒತಿಲ್ಯಾ ನಕ್ಕುಬಿಟ್ಟಳು. ನಾನು ನಗಲಿಲ್ಲ.

ಹೊರಡುವಾಗ ರೊಝಾಲಿಯಾ ಒಂದು ಮಾತನ್ನು ತರಗತಿಯ ಟೀಚರ್ ವ್ರೋನಾಗೂ ನನಗೂ ಸೇರಿಸಿ ಹೇಳಿದಳು. "ಮೈಕು ಹಾಕ್ಕೊಂಡವರು ಮಗುವಿನ ಕಿವಿಯೊಳಗೇ ಕೂತಿದ್ದೀವಿ ಅಂದ್ಕೋಬೇಕು. ಮಗುಗೆ ಹೇಳೋ ಮಾತು ಮುಗೀತಾ, ಆರಿಸ್ಬೇಕು. ಹಸಿರು ದೀಪ ಹೋಗ್ಬೇಕು. ಟೀಚರ್‌ಗಳು ಮರೆತು ಸ್ಟಾಫ್ ರೂಮಲ್ಲಿ ಹರಟೆ ಹೊಡೀತಾರೆ, ಮಕ್ಕಳು ಕ್ಲಾಸಲ್ಲಿ ಕೂತು ಎಲ್ಲಾ ಕೇಳಿಸ್ಕೋತಾರೆ." ವ್ರೋನಾ ನನ್ನ ಕಡೆ ನೋಡಿದಳು. ಇಗರ್ಜಿಯ ನಮ್ಮ ಜಪಸರ ಸಂಘದಲ್ಲಿ ಅವಳ ನಾಲಗೆ ಎಂಥದೆಂದು ನಿನಗೆ ಗೊತ್ತು. ಇನ್ನು ಆ ನಾಲಗೆಗೂ ಒಂದು ಗುಂಡಿ ಬಂತು ಎಂದುಕೊಂಡೆ.

ಮುಖ್ಯೋಪಾಧ್ಯಾಯನ ಷರತ್ತು ಹಾಗೇ ಇದೆ. ಜೂನಿನಲ್ಲಿ ಪರೀಕ್ಷೆ. ಮುಖ ಕಾಣದ ಕಡೆಯಿಂದ ಆಡಿದ ಮಾತನ್ನು ಒತಿಲ್ಯಾ ಕೇಳಿ ತಿರುಗಿ ಹೇಳಿದರೆ ಮೂರನೇ ತರಗತಿ ಇಲ್ಲೇ. ಇಲ್ಲವಾದರೆ ದೂರದ ಕಿವುಡರ ವಸತಿ ಶಾಲೆ. "ಸ್ಟೇಷನ್ ಮಾಸ್ಟರ್ ಮೊಮ್ಮಗಳು ಎಲ್ಲಿಗೂ ಹೋಗಲ್ಲ," ಎಂದು ಅವನ ಮುಖದ ಮೇಲೇ ಹೇಳಿ ಬಂದಿದ್ದೇನೆ. ನಿನ್ನ ಅಪ್ಪ ಇದ್ದಿದ್ದರೆ ಅಷ್ಟು ಹೇಳಬೇಕಾಗಿಯೂ ಬರುತ್ತಿರಲಿಲ್ಲ.

ನೀನು ಊಟ ಬಿಡಬೇಡ. ಆ ಇಟಲಿಯ ಮುದುಕಿಯನ್ನು ಎತ್ತುವಾಗ ಸೊಂಟ ನೋಡಿಕೋ.

ನಿನ್ನ ಅಮ್ಮ
ಲುಡ್ವಿಕಾ

*

ಬೆರ್ಗಾಮೊ
3 ಮಾರ್ಚ್ 2002

ಅಮ್ಮಾ,

ನಿನ್ನ ಕಾಗದವನ್ನು ಬಸ್ಸಿನಲ್ಲಿ ಓದುತ್ತಾ ಒಬ್ಬಳೇ ನಕ್ಕೆ. ಎದುರಿಗೆ ಕೂತಿದ್ದವನು ಸೀಟು ಬದಲಿಸಿದ.

ನಿನ್ನ ಹೆಸರಿನ ಸಂತಳ ದಿನ ಮಾಡಿದ ಹೆಸರುಹಬ್ಬದ ಫೋಟೋ ಸಿಕ್ಕಿತು. ಒತಿಲ್ಯಾ ಎತ್ತರ ಆಗಿದ್ದಾಳೆ. ಒಂದು ಕೇಳಲೇ? ಅವಳ ಕೂದಲನ್ನು ಎರಡೂ ಕಿವಿಯ ಮೇಲೆ ಇಳಿಬಿಟ್ಟಿದ್ದೀಯ. ನಾನು ಹೊರಡುವಾಗ ಎತ್ತಿ ಕಟ್ಟುವುದನ್ನು ಅವಳಿಗೆ ಕಲಿಸಿದ್ದೆ. ಚಳಿಗೆ ಅನ್ನಬೇಡ. ಫೋಟೋದಲ್ಲಿ ಹಿಂದೆಯೇ ಒಲೆ ಉರಿಯುತ್ತಿದೆ.

ಮತ್ತೊಂದು. ಹಬ್ಬಕ್ಕೆ ಅಷ್ಟು ಜನ ಬಂದಿದ್ದರು, ಯಾರು ಯಾರು ಎಂದು ನೀನು ಬರೆದಿದ್ದೆ. ಫೋನಿನಲ್ಲಿ ಒತಿಲ್ಯಾಳನ್ನು ಮೂರು ನಾಲ್ಕು ಸಲ ಕೂಗಿ ಕೇಳಿದ ಮೇಲೆ, "ಗೊತ್ತಿಲ್ಲ ಅಮ್ಮಾ, ಎಲ್ಲರೂ ಬಾಯಿ ಆಡಿಸ್ತಿದ್ರು," ಅಂದಳು. ಆ ದಿನ ಅವಳ ಕಿವಿಯಲ್ಲಿ ಯಂತ್ರ ಇತ್ತಾ?

ನಿನ್ನ
ಬೆಯಾತಾ

*

ಲಿಪೊವ್ಕಾ
21 ಏಪ್ರಿಲ್ 2002

ಮಗಳೇ,

ಒಲೆ ಇದ್ದ ಮನೆಯಲ್ಲೂ ಗಾಳಿ ಬೀಸುತ್ತದೆ. ಫೋಟೋ ನೋಡಿ ನನಗೆ ಮಕ್ಕಳನ್ನು ಸಾಕುವುದನ್ನು ಕಲಿಸಬೇಡ.

ಒತಿಲ್ಯಾ ಇಗರ್ಜಿಯಲ್ಲಿ ಮೊದಲ ಸಲ ಪ್ರಸಾದ ಪಡೆಯುವ ಪ್ರಥಮ ಪರಮಪ್ರಸಾದಕ್ಕೆ ದಿನ ನಿಶ್ಚಯವಾಯಿತು, ಮೇ ಹನ್ನೆರಡು. ಬಿಳಿ ನಿಲುವಂಗಿ ಹೊಲಿಸಲು ಕೊಟ್ಟಾಗಿದೆ. ಹಬ್ಬದ ಊಟಕ್ಕೆ ಬೀಟ್‌ರೂಟ್ ಸಾರು, ಆಲೂಗಡ್ಡೆ ಹೂರಣದ ಕಡುಬು, ಬಾತುಕೋಳಿ. ರಜೆ ಸಿಗುವುದಿಲ್ಲ ಎಂದು ನೀನು ಎರಡು ಸಲ ಹೇಳಿದ್ದೀಯ, ಮೂರನೇ ಸಲ ಹೇಳಬೇಡ.

ತೊಂದರೆ ಇದ್ದದ್ದು ಪಾಪನಿವೇದನೆಯದು. ಪ್ರಸಾದ ತೆಗೆದುಕೊಳ್ಳುವ ಮುನ್ನ ಮಗು ಮೊದಲ ಸಲ ಪಾಪನಿವೇದನೆ ಮಾಡಲೇಬೇಕು. ಪಾಪ ಹೇಳಿಕೊಳ್ಳುವ ಆ ಮರದ ಗೂಡಿನೊಳಗೆ ಕತ್ತಲು, ಫಾದರ್‌ಗೂ ಮಗುವಿಗೂ ಮಧ್ಯೆ ಜಾಲರಿ. ಫಾದರ್ ತುಟಿ ಕಾಣುವುದಿಲ್ಲ. ಅವರು ಕೇಳುವುದು ಮಗುವಿಗೆ ತಿಳಿಯುವುದು ಹೇಗೆ? ಫಾದರ್ ಹಿಯೆರೊನಿಮ್ ಒಳ್ಳೆಯವರು, ಆದರೆ ಕನ್ನಡಕ ಹಣೆಯ ಮೇಲಿಟ್ಟುಕೊಂಡು ಊರೆಲ್ಲ ಹುಡುಕುವ ಜಾತಿ. "ಅವಳನ್ನ ಹೊರಗೆ ಬೆಳಕಿನಲ್ಲಿ ಕೂರಿಸಿ ಕೇಳ್ತೀನಿ ಬಿಡಮ್ಮ," ಅಂದರು.

"ಬೇರೆ ಮಕ್ಕಳು ಎಲ್ಲಿ ಮೊಣಕಾಲೂರ್ತಾರೋ ಇವಳೂ ಅಲ್ಲೇ ಊರ್ತಾಳೆ ಫಾದರ್. ನೀವು ಮೈಕು ಹಾಕ್ಕೊಳ್ಳಿ."

"ಪಾಪನಿವೇದನೆಗೆ ಮೈಕಾ?" ಎಂದು ಅವರು ಹೆದರಿದರು.

"ಊರಿಗೆಲ್ಲ ಕೇಳಿಸೋ ಮೈಕಲ್ಲ. ಅವಳೊಬ್ಬಳಿಗೆ."

ರೊಝಾಲಿಯಾಳನ್ನು ಕರೆಸಿ ಇಗರ್ಜಿಯಲ್ಲೇ ಎಲ್ಲ ಸರಿಪಡಿಸಿದೆ. ಕಲ್ಲಿನ ಗೋಡೆಗೆ ಸದ್ದು ಮಾರ್ದನಿಸುತ್ತದೆಂದು ಅವಳು ಮತ್ತೆ ಏರಿಸಿ ಇಳಿಸಿ ಅರ್ಧ ದಿನ ಕಳೆದಳು. ಫಾದರ್ ಗೂಡಿನಲ್ಲಿ ಕೂತು "ಒತಿಲ್ಯಾ, ಕೇಳಿಸ್ತಾ?" ಎಂದು ಪಿಸುಗುಟ್ಟಿದರೆ ಬಾಗಿಲ ಬಳಿಯಿದ್ದ ನಿನ್ನ ಮಗಳು ಇಡೀ ಇಗರ್ಜಿ ಬೆಚ್ಚುವಂತೆ "ಕೇಳಿಸ್ತು ಫಾದರ್!" ಎಂದು ಕೂಗಿದಳು. ಅವಳಿಗೆ ತನ್ನ ದನಿಯ ಅಳತೆ ಇಲ್ಲ, ನಿನಗೆ ಗೊತ್ತಲ್ಲ. ಮಗು ಎದ್ದ ಕೂಡಲೇ ಆರಿಸಬೇಕು ಎಂದು ಗುಂಡಿಯ ಮೇಲೆ ಬೆರಳಿಡಿಸಿಯೇ ಫಾದರ್‌ಗೆ ತೋರಿಸಿದ್ದೇನೆ. ಮೂರು ಸಲ.

ನಮ್ಮ ಊರಿನಲ್ಲಿ ಇಂಥದ್ದು ಮೊದಲು. ನನ್ನಿಂದ ಆದದ್ದು ಎಂದು ಎಲ್ಲರಿಗೂ ಗೊತ್ತಿದೆ.

ನಿನ್ನ ಅಮ್ಮ
ಲುಡ್ವಿಕಾ

*

ಲಿಪೊವ್ಕಾ
15 ಮೇ 2002

ಬೆಯಾತಾ,

ಫೋಟೋ ಕಳಿಸುತ್ತಿಲ್ಲ. ಯಾಕೆಂದು ಬರೆಯುತ್ತೇನೆ.

ಶನಿವಾರ ಮಕ್ಕಳ ಪಾಪನಿವೇದನೆ ಚೆನ್ನಾಗಿಯೇ ಆಯಿತು. ಒತಿಲ್ಯಾ ಒಳಗೆ ಹೋಗಿ ಮೊಣಕಾಲೂರಿ, ಹೊರಬಂದು, ಮುಂದಿನ ಬೆಂಚಿನಲ್ಲಿ ಪ್ರಾರ್ಥನೆಗೆ ಕೂತಳು. ಅವಳೇ ಮಕ್ಕಳಲ್ಲಿ ಕೊನೆಯವಳು. ಆಮೇಲೆ ದೊಡ್ಡವರ ಸರದಿ. ಎಂದಿನಂತೆ ನಾನೇ ಮೊದಲು ಹೋದೆ.

ಭಾನುವಾರ ಬೆಳಗ್ಗೆ ಅವಳಿಗೆ ನಿಲುವಂಗಿ ತೊಡಿಸಿ, ಕೂದಲು ಬಾಚಿ ಇಳಿಬಿಟ್ಟು, ಮೇಲೆ ಬಿಳಿ ಹೂವಿನ ದಂಡೆ ಇಟ್ಟೆ. ಅವಳು ಕನ್ನಡಿಯಲ್ಲಿ ನನ್ನ ಕೈಯನ್ನೇ ನೋಡುತ್ತಿದ್ದಳು. ದಂಡೆ ಕೂತ ಮೇಲೆ ಎರಡೂ ಕೈ ಎತ್ತಿ ಕಿವಿಯಿಂದ ಯಂತ್ರಗಳನ್ನು ಬಿಡಿಸಿ ನನ್ನ ಅಂಗೈಯಲ್ಲಿ ಇಟ್ಟಳು.

"ತಗೋ ಅಜ್ಜಿ. ಜನರ ಮುಂದೆ ನಿನಗೆ ನಾಚಿಕೆ ಆಗೋದು ಬೇಡ."

ಹಾಕಿಕೋ ಎಂದೆ, ಅವಳು ನನ್ನ ತುಟಿ ನೋಡದೆ ಮುಖ ತಿರುಗಿಸಿದಳು. ಮುಖ ತಿರುಗಿಸಿದ ಮೇಲೆ ಅವಳಿಗೆ ಹೇಳುವ ದಾರಿಯೇ ಇಲ್ಲ. ಗಂಟೆ ಹೊಡೆಯುತ್ತಿತ್ತು. ಹೋದೆವು. ಪೂಜೆಯುದ್ದಕ್ಕೂ ಪಕ್ಕದ ಮಕ್ಕಳನ್ನು ನೋಡಿ ಅವಳು ಎಲ್ಲ ಮಾಡಿದಳು. ಎಲ್ಲರೂ ಮೊಣಕಾಲೂರಿದ ಮೇಲೆ ಅವಳೊಬ್ಬಳೇ ತಡವಾಗಿ ಊರಿದಳು. ಫಾದರ್ ಮೈಕು ಹಾಕಿಕೊಂಡು ಅವಳಿಗೆಂದೇ ನಿಧಾನವಾಗಿ ಮಾತಾಡುತ್ತಿದ್ದರು. ಆ ಮಾತೆಲ್ಲ ನನ್ನ ಕೈಚೀಲದೊಳಗೆ ಹೋಗುತ್ತಿತ್ತು.

ಅಂದಿನಿಂದ ಯಂತ್ರಗಳು ಮೇಜಿನ ಖಾನೆಯಲ್ಲಿವೆ. ಶಾಲೆಗೂ ಹಾಕಿಕೊಂಡು ಹೋಗುತ್ತಿಲ್ಲ.

ಅವಳು ಕನ್ನಡಿಯ ಮುಂದೆ ಆಡಿದ ಆ ಮಾತನ್ನು ನಾನು ಈ ಭೂಮಿಯ ಮೇಲೆ ಒಬ್ಬರಿಗೆ ಮಾತ್ರ ಹೇಳಿದ್ದೆ, ಆ ಗೂಡಿನೊಳಗೆ. ಏನು ಹೇಳಿದೆ ಎಂದು ನೀನು ಕೇಳಬೇಡ, ಅದು ನನಗೂ ದೇವರಿಗೂ ಬಿಟ್ಟದ್ದು. ಆದರೆ ಅದು ಮಗುವಿನ ಬಾಯಿಗೆ ಹೇಗೆ ಬಂತು? ಒಂದೇ ದಾರಿ ಇದೆ. ಜಪಸರ ಸಂಘದ ಹೂವಿನ ಕೆಲಸ ಇವತ್ತೇ ಬಿಟ್ಟು ಬಂದೆ. ವ್ರೋನಾ "ಯಾಕ್ರೀ?" ಅಂದಳು. "ಈ ಇಗರ್ಜಿಯಲ್ಲಿ ಪಾಪ ಹೇಳ್ಕೊಳ್ಳೋದೂ ಒಂದೇ, ಸಂತೆಯಲ್ಲಿ ಹೇಳ್ಕೊಳ್ಳೋದೂ ಒಂದೇ," ಎಂದೆ. ಇಷ್ಟು ಹೊತ್ತಿಗೆ ಊರಿಗೆಲ್ಲ ಗೊತ್ತಾಗಿರುತ್ತದೆ. ಆಗಲಿ.

ನಿನ್ನ ಅಮ್ಮ
ಲುಡ್ವಿಕಾ

*

ಲಿಪೊವ್ಕಾ
16 ಮೇ 2002

ಪೂಜ್ಯ ಫಾದರ್ ಹಿಯೆರೊನಿಮ್ ಅವರಿಗೆ,

ನಾನು ಸುತ್ತಿ ಬಳಸಿ ಬರೆಯುವವಳಲ್ಲ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಪ್ರಾಣ ಹೋದರೂ ಹೊರಗೆ ಹೇಳಬಾರದು ಎಂದು ನನಗೆ ಕಲಿಸಿದವರು ನಿಮ್ಮ ಹಿಂದಿನವರು. ಶನಿವಾರ ನಾನು ನಿಮ್ಮ ಕಿವಿಯಲ್ಲಿ ಹೇಳಿದ ಮಾತನ್ನು ಭಾನುವಾರ ನನ್ನ ಮೊಮ್ಮಗಳು ನನಗೇ ಹೇಳಿದಳು. ನಾನು ಉಪಯೋಗಿಸಿದ ಪದಗಳಲ್ಲೇ ಹೇಳಿದಳು. ಮಗುವಿಗೆ ಬುದ್ಧಿ ಹೇಳುವ ಭರದಲ್ಲಿ ನಿಮ್ಮ ಬಾಯಿ ಜಾರಿರಬೇಕು. ನೀವು ಬಿಷಪರ ಮುಂದೆ ನಿಂತು ಉತ್ತರ ಕೊಡಬೇಕಾದೀತು. ಅದಕ್ಕೆ ಮುಂಚೆ ನನ್ನ ಮುಂದೆ ನಿಂತು ಕೊಡಿ.

ಲುಡ್ವಿಕಾ
ದಿವಂಗತ ಸ್ಟೇಷನ್ ಮಾಸ್ಟರರ ಪತ್ನಿ

*

ಇಗರ್ಜಿಯ ಮನೆ, ಲಿಪೊವ್ಕಾ
20 ಮೇ 2002

ಅಮ್ಮಾ ಲುಡ್ವಿಕಾ,

ನೀವು ಅಲ್ಲಿ ಏನು ಹೇಳಿದಿರಿ ಎಂಬುದನ್ನು ನಾನು ಯಾರೊಂದಿಗೂ ಆಡಲಾರೆ. ಈ ಕಾಗದದಲ್ಲಿ ನಿಮ್ಮೊಂದಿಗೂ ಆಡಲಾರೆ. ಆದ್ದರಿಂದ ನನ್ನ ಪರವಾಗಿ ವಾದಿಸಲು ನನಗೆ ಬಾಯಿಲ್ಲ.

ನನ್ನ ತಪ್ಪನ್ನು ಮಾತ್ರ ಹೇಳಬಲ್ಲೆ. ಶನಿವಾರ ಎಲ್ಲರ ನಿವೇದನೆ ಮುಗಿದು, ಮನೆಗೆ ಬಂದು ನಿಲುವಂಗಿ ಕಳಚುವಾಗ ಕೊರಳಲ್ಲಿ ಆ ಹಸಿರು ದೀಪ ಉರಿಯುತ್ತಿತ್ತು. ಒತಿಲ್ಯಾ ಎದ್ದಾಗ ಆರಿಸಬೇಕಿತ್ತು. ನೀವು ಮೂರು ಸಲ ತೋರಿಸಿಕೊಟ್ಟಿದ್ದಿರಿ. ಮಗು ಮೊದಲ ಸಲ ಅಷ್ಟು ಚೆಂದವಾಗಿ ಹೇಳಿತಲ್ಲ ಎಂಬ ಸಂತೋಷದಲ್ಲಿ ಮರೆತೆ.

ಅವಳು ಮುಂದಿನ ಬೆಂಚಿನಲ್ಲಿ ಕೂತು ಗೂಡಿನ ಕಡೆಯೇ ನೋಡುತ್ತಿದ್ದುದು ಪರದೆಯ ಸಂದಿಯಿಂದ ನನಗೆ ಕಾಣುತ್ತಿತ್ತು. ಎಂಥ ಭಕ್ತಿ ಎಂದುಕೊಂಡೆ. ನಿಮ್ಮ ನಂತರದವರು ಪಿಸುಮಾತಿನವರು. ನೀವು ದೇವರ ಮುಂದೆಯೂ ಪಿಸುಗುಟ್ಟುವವರಲ್ಲ. ನಾನು ಜಾಲರಿಗೆ ಒರಗಿ ಕೇಳುತ್ತಿದ್ದೆ, ಮೈಕು ನಿಮ್ಮ ಬಾಯಿಗೂ ಹತ್ತಿರವೇ ಇತ್ತು.

ಬಿಷಪರಿಗೆ ನಾನೇ ಬರೆದಿದ್ದೇನೆ. ನಿಮ್ಮ ಹೆಸರಿಲ್ಲ. ನನ್ನನ್ನು ಕ್ಷಮಿಸಿ ಎಂದು ಈಗಲೇ ಕೇಳುವುದಿಲ್ಲ. ಮಗುವಿನ ಬಳಿ ಹೋಗಿ ಕೂತುಕೊಳ್ಳಿ.

ಹಿಯೆರೊನಿಮ್

*

ಬೆರ್ಗಾಮೊ
28 ಮೇ 2002

ಅಮ್ಮಾ,

ರೊಝಾಲಿಯಾ ನನಗೆ ಫೋನು ಮಾಡಿದ್ದರು. ಒತಿಲ್ಯಾ ಯಂತ್ರ ಮುಟ್ಟುತ್ತಿಲ್ಲ, ತರಗತಿಯಲ್ಲಿ ಕಿಟಕಿ ನೋಡುತ್ತಾ ಕೂತಿರುತ್ತಾಳೆ, ಹೀಗೇ ಆದರೆ ಪರೀಕ್ಷೆಗೆ ಕೂರಿಸಿಯೂ ಪ್ರಯೋಜನವಿಲ್ಲ ಅಂದರು. ವಸತಿ ಶಾಲೆಯವರು ಒಂದು ಹಾಸಿಗೆ ಹಿಡಿದಿಟ್ಟಿದ್ದಾರಂತೆ.

ನಾನು ಆ ಶಾಲೆಗೆ ಹೆದರುವುದಿಲ್ಲ. ಅಲ್ಲಿ ಅವಳಂಥ ಮಕ್ಕಳಿದ್ದಾರೆ, ಕೈಯಲ್ಲಿ ಮಾತಾಡುತ್ತಾರೆ, ಯಾರೂ ಅವರ ಕೂದಲನ್ನು ಇಳಿಬಿಡುವುದಿಲ್ಲ. ಆದರೆ ಅವಳಿಗೆ ಅಲ್ಲಿಗೆ ಹೋಗಬೇಕು ಅನಿಸಿ ಹೋದರೆ ಒಂದು. ನಿನ್ನಿಂದ ದೂರ ಹೋಗಲು ಹೋದರೆ ಇನ್ನೊಂದು.

ನೀನು ಆ ಗೂಡಿನೊಳಗೆ ಏನು ಹೇಳಿದೆ ಎಂದು ನಾನು ಕೇಳಲೇಬೇಕು. ನಿನ್ನ ದೇವರಿಗೆ ಹೇಳಿದೆ, ಫಾದರ್‌ಗೆ ಹೇಳಿದೆ, ಹೇಗೋ ನನ್ನ ಮಗಳಿಗೂ ಅದು ಮುಟ್ಟಿತು. ಗೊತ್ತಿಲ್ಲದವಳು ಅವಳ ತಾಯಿ ಒಬ್ಬಳೇ.

ಬೆಯಾತಾ

*

ಲಿಪೊವ್ಕಾ
19 ಜೂನ್ 2002

ಮಗಳೇ ಬೆಯಾತಾ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದು ಕೋಪದಿಂದ ಎಂದು ನೀನು ತಿಳಿದಿರಬಹುದು. ಕೋಪವಾಗಿದ್ದರೆ ಅಂದೇ ಬರೆಯುತ್ತಿದ್ದೆ.

ನಾನು ಹೇಳಿದ್ದು ಇಷ್ಟು: "ಫಾದರ್, ನನ್ನ ಮೊಮ್ಮಗಳು ಅಂದ್ರೆ ನನಗೆ ಜೀವ. ಆದ್ರೆ ಜನರ ಮುಂದೆ ಅವಳಿಂದ ನನಗೆ ನಾಚಿಕೆ ಆಗುತ್ತೆ. ಕಿವಿಗೆ ಅದನ್ನ ಸಿಕ್ಕಿಸ್ಕೊಂಡು, ಎಮ್ಮೆ ಹಾಗೆ ಕೂಗ್ಕೊಂಡು ಬಂದ್ರೆ ನನ್ನ ತಲೆ ತಗ್ಗುತ್ತೆ. ಹೆಸರುಹಬ್ಬದ ದಿನ ಬ್ಯಾಟರಿ ಮುಗಿದಿದೆ ಅಂತ ಸುಳ್ಳು ಹೇಳಿ ನಾನೇ ಬಿಚ್ಚಿಸಿಟ್ಟೆ." ಎಮ್ಮೆ ಎಂಬ ಪದವನ್ನು ಬರೆಯದೆ ಬಿಡಬಹುದಿತ್ತು. ಅವಳು ಅದನ್ನೂ ಕೇಳಿದ್ದಾಳೆ.

ತಾನು ಯಾರಿಗೂ ಹೇಳಲಿಲ್ಲ, ಮೈಕು ಆರಿಸಲು ಮರೆತೆ ಎಂದು ಫಾದರ್ ಕಾಗದ ಬರೆದರು; ಅದು ಬಂದ ದಿನ ನಾನು ಅವರ ಮನೆಗೆ ಹೋಗಲಿಲ್ಲ, ಮಗುವಿನ ಬಳಿಯೂ ಹೋಗಲಿಲ್ಲ. ಸೌದೆ ಕೊಟ್ಟಿಗೆಗೆ ಹೋಗಿ ಆಗಲೇ ಜೋಡಿಸಿದ್ದ ಸೌದೆಯನ್ನು ಕೆಡವಿ ಮತ್ತೆ ಜೋಡಿಸಿದೆ. ಊರಿನಲ್ಲಿ ಆ ಮನುಷ್ಯನನ್ನು ಸಂತೆಗೆ ಹೋಲಿಸಿ ಬಂದವಳು ನಾನು. ಆ ಮಾತು ಕೇಳಿ ಮೂರು ನಾಲ್ಕು ಮನೆಯವರು ಪಾಪನಿವೇದನೆಗೆ ಪಕ್ಕದ ಊರಿಗೆ ಹೋಗತೊಡಗಿದ್ದರು. ಎದುರಿಗೆ ಸಿಕ್ಕರೆ ಅವರೇ ಮೊದಲು ಟೋಪಿ ತೆಗೆಯುತ್ತಿದ್ದರು. ನಾನು ಬೀದಿ ದಾಟಿಬಿಡುತ್ತಿದ್ದೆ.

ನಿನ್ನ ಕಾಗದ ಬಂದ ಮೇಲೆ ಇನ್ನು ತಡೆಯಲಾಗಲಿಲ್ಲ. ಒತಿಲ್ಯಾ ಕಿಟಕಿಯ ಬಳಿ ಬಟಾಣಿ ಬಿಡಿಸುತ್ತಿದ್ದಳು. ಬೆಳಕು ನನ್ನ ಮುಖದ ಮೇಲೆ ಬೀಳುವಂತೆ ಎದುರಿಗೆ ಕೂತೆ. ತುಟಿ ಬಿಡಿಸಿ ಬಿಡಿಸಿ ಹೇಳಿದೆ: "ನೀನು ಕೇಳಿಸ್ಕೊಂಡಿದ್ದು ನನಗೆ ಗೊತ್ತಾಯ್ತು. ಮೈಕು ಆರಿಸಿರಲಿಲ್ಲ. ನಾನು ಹಾಗೆ ಹೇಳ್ಬಾರದಿತ್ತು."

ಅವಳು ಒಂದು ಕಾಯಿ ಬಿಡಿಸಿ ಮುಗಿಸಿದಳು.

"ಹೇಳಿದ್ದಕ್ಕಲ್ಲ ಅಜ್ಜಿ," ಅಂದಳು. "ಎಲ್ಲರೂ ಅಲ್ಲಿ ತಪ್ಪು ಹೇಳ್ತಾರೆ. ನಾನೂ ಹೇಳ್ದೆ. ನಿನ್ನ ಜೇನಿನ ಬಾಟಲಿ ಒಡೆದಿದ್ದು ಬೆಕ್ಕಲ್ಲ."

"ಮತ್ತೆ ಯಾವುದಕ್ಕೆ?"

"ಫಾದರ್ ನಿನಗೆ ಕೊಟ್ಟ ಪ್ರಾಯಶ್ಚಿತ್ತನೂ ನನಗೆ ಕೇಳಿಸ್ತು. ನಾಳೆ ಮಗುವಿನ ಕೂದಲು ನೀನೇ ಎತ್ತಿ ಕಟ್ಟು, ಎಲ್ಲರಿಗೂ ಕಾಣೋ ಹಾಗೆ ಕಟ್ಟು, ಕಟ್ಟಿ ಅವಳ ಪಕ್ಕದಲ್ಲಿ ನಿಂತ್ಕೋ ಅಂದ್ರು. ನೀನು ಆಗಲಿ ಫಾದರ್ ಅಂದೆ. ಬೆಳಗ್ಗೆ ಬಾಚಣಿಗೆ ತಗೊಂಡೆ. ನಾನು ಕನ್ನಡಿಯಲ್ಲಿ ನೋಡ್ತಾ ಇದ್ದೆ, ಈಗ ಕಟ್ತಾಳೆ, ಈಗ ಕಟ್ತಾಳೆ ಅಂತ. ನೀನು ಇಳಿಬಿಟ್ಟೆ."

ಬೆಯಾತಾ, ಇದನ್ನು ನಾನು ನಿನಗಷ್ಟೇ ಅಲ್ಲ, ನನಗೂ ಹೇಳಿಕೊಂಡಿರಲಿಲ್ಲ. ದಂಡೆ ಸರಿಯಾಗಿ ಕೂರುವುದಿಲ್ಲ ಎಂದುಕೊಂಡೆ. ಇವತ್ತು ಇಷ್ಟು ಜನ, ನಾಳೆಯಿಂದ ಕಟ್ಟಿದರಾಯಿತು ಎಂದುಕೊಂಡೆ. ಹಾಗೆ ಅಂದುಕೊಂಡೇ ಹೋಗಿ ಅವಳ ಹಿಂದೆ ಮೊಣಕಾಲೂರಿ ಪ್ರಸಾದ ತೆಗೆದುಕೊಂಡೆ. ಪ್ರಾಯಶ್ಚಿತ್ತ ಮಾಡದೆ ಪ್ರಸಾದ ಮುಟ್ಟುವವರನ್ನು ನಾನು ಎಷ್ಟು ಸಲ, ಎಷ್ಟು ಜನರ ಮುಂದೆ ಜರೆದಿದ್ದೇನೆ.

"ಈಗ ಕಟ್ಲಾ?" ಎಂದೆ.

"ಈಗ ಯಾರಿದ್ದಾರೆ ನೋಡೋಕೆ?" ಎಂದು ಅವಳು ಮತ್ತೊಂದು ಕಾಯಿ ತೆಗೆದುಕೊಂಡಳು. ಅವಳಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಪರೀಕ್ಷೆ ನಿನ್ನೆ ಇತ್ತು. ಬೆಳಗ್ಗೆ ನಾನು ಏನೂ ಕೇಳದೆ ಅವಳ ಕೂದಲನ್ನು ಎರಡು ಜಡೆ ಹೆಣೆದು, ಎತ್ತಿ, ತಲೆಯ ಸುತ್ತ ಕಟ್ಟಿದೆ. ಬಿಗಿಯಾಯಿತೆಂದು ಕಾಣುತ್ತದೆ, "ಅಯ್ಯೋ!" ಎಂದಳು. ಖಾನೆಯಿಂದ ಯಂತ್ರಗಳನ್ನು ತಂದು ಮೇಜಿನ ಮೇಲಿಟ್ಟು ಹೊರಗೆ ಹೋಗಿ ನಿಂತೆ. ಬರುವಾಗ ಹಾಕಿಕೊಂಡು ಬಂದಳು. ಶಾಲೆಯವರೆಗೂ ನನ್ನ ಬಲಕ್ಕೆ ನಡೆದಳು, ಬೀದಿಯ ಕಡೆಗೆ. ಎದುರಾದವರೆಲ್ಲ ಅವಳ ಕಿವಿ ನೋಡಿದರು. ನನಗೆ ಮೈ ಬೆವರಿತು. ಬೆವರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಮುಖ್ಯೋಪಾಧ್ಯಾಯ, ವ್ರೋನಾ, ರೊಝಾಲಿಯಾ, ಜಿಲ್ಲಾ ಕಚೇರಿಯಿಂದ ಬಂದ ಒಬ್ಬ ಹೆಂಗಸು, ಇಷ್ಟು ಜನ ಕೂತಿದ್ದರು. ವ್ರೋನಾ ಮೈಕು ಹಾಕಿಕೊಂಡು ಹೊರಗಿನ ಓಣಿಗೆ ಹೋಗಿ ಬಾಗಿಲು ಮುಚ್ಚಿ ಕಾಗದದಲ್ಲಿದ್ದ ವಾಕ್ಯಗಳನ್ನು ಓದಿದಳು. ಒತಿಲ್ಯಾ ತುಟಿ ಬಿಗಿದು ಕೂತೇ ಇದ್ದಳು. ರೊಝಾಲಿಯಾ ನಳಿಗೆ ಹಚ್ಚಿ ನೋಡಿ, "ಯಂತ್ರದಲ್ಲಿ ದನಿ ಬರ್ತಿದೆ ಸಾರ್, ಅವಳು ಉತ್ತರ ಕೊಡ್ತಿಲ್ಲ," ಅಂದಳು. ಮುಖ್ಯೋಪಾಧ್ಯಾಯ ಪೆನ್ನಿನ ಮುಚ್ಚಳ ತೆಗೆದ.

"ತಡೀರಿ," ಎಂದು ನಾನು ಎದ್ದೆ. "ನಾನು ಓದ್ತೀನಿ."

"ಯಾರು ಓದಿದ್ರೂ ವಾಕ್ಯ ಅದೇ ಅಲ್ವೇನ್ರೀ," ಅಂದಳು ಜಿಲ್ಲೆಯ ಹೆಂಗಸು.

"ನಾನು ಓದಿದ ಮೇಲೂ ಅವಳು ಹೇಳ್ದೇ ಇದ್ರೆ ನಿಮಗೇನು ನಷ್ಟ?" ಎಂದೆ. ವ್ರೋನಾಳ ಕೊರಳಿಂದ ಮೈಕು ತೆಗೆದು ನನ್ನ ಕೊರಳಿಗೆ, ಒಂದು ಗೇಣು ಕೆಳಗೆ, ಅಂಗಿಯ ಮೇಲೆ ಸಿಕ್ಕಿಸಿಕೊಂಡೆ. ಹೊರಗೆ ಹೋಗಿ ಬಾಗಿಲು ಹಾಕಿಕೊಂಡೆ.

ಕಾಗದದಲ್ಲಿ ಮೊದಲ ವಾಕ್ಯ, ರೈತ ಕುದುರೆಗೆ ಹುಲ್ಲು ಹಾಕಿದ ಎಂದಿತ್ತು. ನಾನು ಕಾಗದ ಮಡಚಿದೆ. ಅವಳು ಕೇಳಿದ್ದನ್ನು ಗಟ್ಟಿಯಾಗಿ ತಿರುಗಿ ಹೇಳಬೇಕು, ಒಳಗಿರುವವರೆಲ್ಲ ಕೇಳುತ್ತಾರೆ, ವ್ರೋನಾ ಕೇಳಿದರೆ ಸಂಜೆಯೊಳಗೆ ಊರು ಕೇಳುತ್ತದೆ. ಇದೆಲ್ಲ ಗೊತ್ತಿದ್ದೇ ಹೇಳಿದೆ.

"ನನ್ನ ಮೊಮ್ಮಗಳು ಜನರ ಮುಂದೆ ಬಂದ್ರೆ ನನಗೆ ನಾಚಿಕೆ ಆಗ್ತಿತ್ತು."

ಓಣಿಯಲ್ಲಿ ಯಾರೂ ಇರಲಿಲ್ಲ. ಆಮೇಲೆ ಅವಳ ದನಿ, ಇಗರ್ಜಿಯಲ್ಲಿ ಕೂಗಿದ ಅದೇ ದನಿ, ಮರದ ಬಾಗಿಲನ್ನು ದಾಟಿ ಬಂತು. "ನನ್ನ ಮೊಮ್ಮಗಳು ಜನರ ಮುಂದೆ ಬಂದ್ರೆ ನನಗೆ ನಾಚಿಕೆ ಆಗ್ತಿತ್ತು!"

ಅವಳ ಬಾಯಲ್ಲಿ ಅದನ್ನು ಕೇಳಿಸಿಕೊಂಡೆ, ಮುಂದಿನದನ್ನೂ ಹೇಳಿದೆ.

"ಫಾದರ್ ನನ್ನ ಗುಟ್ಟು ಯಾರಿಗೂ ಹೇಳಲಿಲ್ಲ. ಮೈಕಿನ ದೀಪ ಉರೀತಿತ್ತು. ನಾನು ಅವರ ಮೇಲೆ ಇಲ್ಲದ ಮಾತು ಹೊರಿಸಿದೆ."

ಅದನ್ನೂ ಹೇಳಿದಳು, ಒಂದಕ್ಷರ ಬಿಡದೆ. ಒಳಗೆ ಒಂದು ಕುರ್ಚಿ ಸರಿದ ಸದ್ದಾಯಿತು. ವ್ರೋನಾ ಇರಬೇಕು.

"ಫಾದರ್ ಪ್ರಾಯಶ್ಚಿತ್ತ ಕೊಟ್ರು. ನಾನು ಮಾಡಲಿಲ್ಲ. ಮಗು ಕನ್ನಡಿಯಲ್ಲಿ ಕಾಯ್ತಾ ಇತ್ತು."

ಈ ಸಲ ಅವಳು ತಡ ಮಾಡಿದಳು. ಹೇಳುವುದಿಲ್ಲವೇನೋ ಎಂದುಕೊಂಡೆ. ಹೇಳದಿದ್ದರೆ ಅದೂ ಅವಳ ಹಕ್ಕು. ಆಮೇಲೆ ಹೇಳಿದಳು, ಸ್ವಲ್ಪ ಮೆಲ್ಲಗೆ. ಅವಳಿಗೆ ಮೆಲ್ಲಗೆ ಹೇಳಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಮುಂದೆ ಇನ್ನೂ ಹೇಳಬೇಕಿತ್ತು, ಬಾಯಿಗೆ ಬರಲಿಲ್ಲ. ಮುಖ್ಯೋಪಾಧ್ಯಾಯ "ಸಾಕು, ಸಾಕಮ್ಮ, ಆಯ್ತು," ಎನ್ನುವುದು ಕೇಳಿಸಿತು. ಅದರ ಮೇಲೆ ಒತಿಲ್ಯಾಳ ದನಿ: "ತಡೀರಿ ಸಾರ್, ಇನ್ನೂ ಬರ್ತಿದೆ. ಅಜ್ಜಿ ಅಳ್ತಿದಾಳೆ. ಅದನ್ನೂ ಹೇಳ್ಬೇಕಾ?"

ರೊಝಾಲಿಯಾ ಬಾಗಿಲು ತೆರೆದಳು. ಮಗು ಅವಳ ಕೈಕೆಳಗೆ ನುಸುಳಿ ಓಣಿಗೆ ಬಂದು, ನನ್ನ ಕೊರಳಿನ ಗುಂಡಿ ಒತ್ತಿ ಹಸಿರು ದೀಪ ಆರಿಸಿದಳು. ಆರಿಸಿ ಅಲ್ಲೇ ನಿಂತಳು.

ಕಾಗದದಲ್ಲಿಲ್ಲದ ಮಾತನ್ನೂ ಬಾಗಿಲಾಚೆಯಿಂದ ಕೇಳಿ ಹೇಳಿದಳಲ್ಲ ಎಂದು ಮುಖ್ಯೋಪಾಧ್ಯಾಯ ಒಪ್ಪಿಕೊಂಡ, ಸೆಪ್ಟೆಂಬರಿನಿಂದ ಮೂರನೇ ತರಗತಿ ಇಲ್ಲೇ. ಆದರೆ ಒತಿಲ್ಯಾಳಿಗೆ ಆ ವಸತಿ ಶಾಲೆಯನ್ನು ಒಮ್ಮೆ ನೋಡಬೇಕಂತೆ, ಕೈಯಲ್ಲಿ ಮಾತಾಡುವ ಮಕ್ಕಳನ್ನು ನೋಡಬೇಕಂತೆ. ಜುಲೈನಲ್ಲಿ ನಾನೇ ಕರೆದುಕೊಂಡು ಹೋಗುತ್ತೇನೆ. ಫಾದರ್ ಮನೆಗೆ ನಾಳೆ ಹೋಗಬೇಕು. ವ್ರೋನಾ ಇಷ್ಟು ಹೊತ್ತಿಗೆ ನನಗಿಂತ ಮೊದಲು ಹೋಗಿ ಬಂದಿರುತ್ತಾಳೆ.

ನಾನು ಅಳಲಿಲ್ಲ, ಓಣಿಯಲ್ಲಿ ಗಾಳಿಗೆ ಕಣ್ಣು ನೀರಾಡಿತು ಎಂದು ನಿನಗೆ ಬರೆಯೋಣವೆಂದೇ ಈ ಕಾಗದ ಹಿಡಿದು ಕೂತೆ. ಆದರೆ ಅವಳು ಕೇಳಿಸಿಕೊಂಡಿದ್ದಾಳೆ.

ನಿನ್ನ ಅಮ್ಮ
ಲುಡ್ವಿಕಾ